ಹಳಸಿದ ಪೆಟ್ರೋಲು ಮತ್ತು ನಮ್ಮ ಹಳೆಯ ವಾಹನಗಳು

ಮಳೆಗಾಲದ ನಡುವೆ ಎರಡು ದಿನ ಹೊಳವಾದರೆ ಅಡಿಕೆ ಬೆಳೆಗಾರನ ಮನೆಯಲ್ಲಿ ಎಂತಹ ಗಡಿಬಿಡಿ ಏಳುತ್ತದೆ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾದ್ದಿಲ್ಲ. ಮೊದಲ ಸಿಂಪಡಣೆಯಾಗಿ ನಲವತ್ತು, ನಲವತ್ತೈದು ದಿನಗಳಾಗಿರುತ್ತವೆ. ಮೈಲುತುತ್ತು ನೆನೆಹಾಕಿ, ಸುಣ್ಣ ಸೋಸಿ, ಕೊನೆಗಾರನನ್ನು ಕಾಡಿ ಬೇಡಿ ಕರೆತಂದು, ಔಷಧಿ ಪಂಪಿನ ಎಂಜಿನ್ನಿನ ಹಗ್ಗ ಎಳೆದರೆ ಅದು ಉಸಿರೆತ್ತುವುದಿಲ್ಲ. ಹತ್ತು ಸಲ ಎಳೆಯಿರಿ, ಐವತ್ತು ಸಲ ಎಳೆಯಿರಿ, ಪ್ಲಗ್ಗು ಬಿಚ್ಚಿ ಒರಸಿ ಹಾಕಿರಿ, ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಪಡುವಣದಲ್ಲಿ ಮತ್ತೆ ಕಪ್ಪಾಗುತ್ತದೆ. ಕೊಳೆರೋಗದ ಶಿಲೀಂಧ್ರಕ್ಕೆ ನಮ್ಮ ಎಂಜಿನ್ನಿನ ಕಷ್ಟದ ಗೊಡವೆ ಇಲ್ಲ. ಆ ವರ್ಷದ ಫಸಲಿನ ಒಂದು ಪಾಲು ಮರದ ಬುಡದಲ್ಲಿ ಬಿಳಿ ಬೂಸಲು ಹಿಡಿದು ಬಿದ್ದಿರುತ್ತದೆ. ಅದಕ್ಕೆ ಕಾರಣವಾದ ದ್ರವ್ಯದ ಬೆಲೆ ಮಾತ್ರ ಒಂದು ಲೀಟರು ಪೆಟ್ರೋಲಿನದು.

ಇಂತಹ ಪ್ರಸಂಗಗಳು ಈಚಿನ ಎರಡು ಮೂರು ಮಳೆಗಾಲಗಳಲ್ಲಿ ನಮ್ಮ ಸದಸ್ಯರಿಂದ ಹೆಚ್ಚಾಗಿ ಕೇಳಿಬರುತ್ತಿರುವುದರಿಂದ ಈ ವಿಷಯವನ್ನು ಇಲ್ಲಿ ಎತ್ತಿಕೊಳ್ಳುತ್ತಿದ್ದೇನೆ. ಖಾನಾಪುರ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ, ಜಾಂಬೋಟಿ, ಕಣಕುಂಬಿಗಳ ಕಡೆಯ ಮಳೆ ಹೇಗಿರುತ್ತದೆ ಎಂಬುದನ್ನು ನೋಡಿದವರೇ ಬಲ್ಲರು. ಮಲಪ್ರಭೆ ಹುಟ್ಟುವುದು ಆ ಕಣಕುಂಬಿಯಲ್ಲೇ. ಅಲ್ಲಿಯವರಾಗಲಿ, ಗಡಿಯಾಚೆ ಜೋಯಿಡಾ, ಯಲ್ಲಾಪುರಗಳ ಕಡೆಯವರಾಗಲಿ, ಊರಿನ ಗ್ಯಾರೇಜು ಕೈಬಿಟ್ಟಾಗ ಯಂತ್ರವನ್ನೋ ಜೀಪನ್ನೋ ಹೇರಿಕೊಂಡು ಬರುವುದು ಬೆಳಗಾವಿಗೆ. ಖಾನಾಪುರದಿಂದ ಬೆಳಗಾವಿಗೆ ಸುಮಾರು 26 ಕಿಲೋಮೀಟರು. ಅಲ್ಲಿಂದ ಪೇಟೆ ದಾಟಿ ಕಣಬರ್ಗಿ ಕಡೆಗೆ ಹೋದರೆ ಆಟೋ ನಗರ.

ಆಟೋ ನಗರವೆಂದರೆ ಅದೊಂದು ಬೇರೆಯೇ ಲೋಕ. ಲಾರಿಯ ಬಾಡಿ ಕಟ್ಟುವವರು, ಟಿಂಕರಿಂಗಿನವರು, ರೇಡಿಯೇಟರು ಬೆಸೆಯುವವರು, ಕಾರ್ಬೊರೇಟರು ಬಿಚ್ಚುವುದರಲ್ಲೇ ತಲೆ ಬೆಳ್ಳಗಾದವರು. ಒಂದೇ ವಾಕ್ಯದಲ್ಲಿ ಕನ್ನಡ, ಮರಾಠಿ, ಉರ್ದು ಮೂರನ್ನೂ ಆಡಿಬಿಡುವ ಹುಡುಗರು. ಬೇಕಾದ ಬಿಡಿಭಾಗ ಸಿಗದಿದ್ದರೆ ಉದ್ಯಮಬಾಗದ ಲೇತಿನಲ್ಲಿ ಕಡೆಸಿ ತಂದುಕೊಡುವ ಸಾಮರ್ಥ್ಯ ಈ ಊರಿಗಿದೆ. ಇನ್ನೂ ಓಡಾಡುತ್ತಿರುವ ವಿಲ್ಲೀಸ್ ಮಾದರಿಯ ಪೆಟ್ರೋಲು ಜೀಪುಗಳು, ಮೈಸೂರಿನಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ, ಬಜಾಜ್ ಚೇತಕ್, ಪ್ರೀಮಿಯರ್ ಪದ್ಮಿನಿ, 1985ರಲ್ಲಿ ಬಂದ ಮಾರುತಿ ಜಿಪ್ಸಿ, ಇವೆಲ್ಲ ಉಳಿದಿರುವುದು ಇಂತಹ ಕೈಗಳಿಂದ. ಮಳೆಗಾಲ ಮುಗಿಯುತ್ತಿದ್ದಂತೆ ಇಂತಹ ಅಂಗಡಿಗಳ ಮುಂದೆ ಕಳೆ ಕತ್ತರಿಸುವ ಯಂತ್ರ, ಗರಗಸ, ಔಷಧಿ ಪಂಪುಗಳ ಸಾಲು ನಿಂತಿರುತ್ತದೆ. ಮಾಲಿಕರು ಹೇಳುವ ದೂರು ನೂರು ಬಗೆ. ಮಿಸ್ತ್ರಿ ಮೊದಲು ಮಾಡುವ ಕೆಲಸ ಮಾತ್ರ ಒಂದೇ. ಟ್ಯಾಂಕಿಯ ಮುಚ್ಚಳ ತೆಗೆದು ಮೂಸಿ ನೋಡುತ್ತಾನೆ. ಬಹಳಷ್ಟು ಯಂತ್ರಗಳ ರೋಗನಿರ್ಣಯ ಅಲ್ಲಿಗೇ ಮುಗಿಯುತ್ತದೆ.

ನಾವು ಪೆಟ್ರೋಲನ್ನು ಅಕ್ಕಿಯಂತೆ ಭಾವಿಸಿದ್ದೇವೆ. ಕಣಜದಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಇರುತ್ತದೆ, ಹಳೆಯದಾದಷ್ಟೂ ಒಳ್ಳೆಯದು ಎಂಬ ಭಾವನೆ. ಅದನ್ನು ಹಾಲಿನಂತೆ ಕಾಣಬೇಕು. ಪೆಟ್ರೋಲು ಒಂದೇ ವಸ್ತುವಲ್ಲ, ಹತ್ತಾರು ಹೈಡ್ರೊಕಾರ್ಬನ್‌ಗಳ ಮಿಶ್ರಣ. ಅದರಲ್ಲಿ ಬೇಗ ಆವಿಯಾಗುವ ಹಗುರ ಅಂಶಗಳೇ ತಣ್ಣಗಿನ ಎಂಜಿನ್ನನ್ನು ಎಬ್ಬಿಸುವುದು. ಮುಚ್ಚಳದ ಸಣ್ಣ ರಂಧ್ರದಿಂದ ಮೊದಲು ಹಾರಿಹೋಗುವುದೂ ಅವೇ. ಉಳಿದುದರಲ್ಲಿ ಕೆಲವು ಅಂಶಗಳು ಗಾಳಿಯ ಆಮ್ಲಜನಕದೊಡನೆ ಸೇರಿ ಮೆಲ್ಲಗೆ ಅಂಟಾಗುತ್ತವೆ. ಹಲಸಿನ ಮೇಣದಂತಹ ಈ ಅಂಟು ಕಾರ್ಬೊರೇಟರಿನ ಜೆಟ್ಟಿನ ಸೂಜಿಮೊನೆಯಷ್ಟು ತೂತಿನಲ್ಲಿ ಕುಳಿತರೆ ಮುಂದೆ ಹೊಸ ಪೆಟ್ರೋಲು ಹಾಕಿದರೂ ಪ್ರಯೋಜನವಿಲ್ಲ. ಬಣ್ಣ ಕಂದಾಗುವುದು, ಮೂಗಿಗೆ ವಾರ್ನಿಷಿನಂತಹ ಹುಳಿ ನಾತ ಬರುವುದು ಇದರ ಲಕ್ಷಣ. ಭದ್ರವಾಗಿ ಮುಚ್ಚಿ ನೆರಳಿನಲ್ಲಿಟ್ಟ ಲೋಹದ ಡಬ್ಬಿಯಲ್ಲಿ ಪೆಟ್ರೋಲು ಆರು ತಿಂಗಳು ಬಾಳೀತು. ಗಾಳಿಯಾಡುವ ಟ್ಯಾಂಕಿಯಲ್ಲಿ, ಬಿಸಿಲು ತಾಗುವಲ್ಲಿ, ಒಂದೆರಡು ತಿಂಗಳಿಗೇ ಅದರ ಸತ್ವ ಇಳಿಯತೊಡಗುತ್ತದೆ.

ಇದು ಹಿಂದೆಯೂ ಇದ್ದ ಸಂಗತಿ. ಹಾಗಿದ್ದರೆ ಈಗೇಕೆ ಹೆಚ್ಚಾಯಿತು ಎಂದು ಕೇಳಿದರೆ, ಪೆಟ್ರೋಲೇ ಬದಲಾಗಿದೆ ಎಂಬುದು ಉತ್ತರ. ಇಂದು ಬಂಕಿನಲ್ಲಿ ನಮಗೆ ಸಿಗುವುದು ನಮ್ಮ ತಂದೆಯವರ ಕಾಲದ ಪೆಟ್ರೋಲಲ್ಲ. ಅದರಲ್ಲಿ ಐದನೇ ಒಂದು ಪಾಲು ಎಥನಾಲ್, ಅಂದರೆ ಮದ್ಯಸಾರ.

ಮದ್ಯಸಾರವನ್ನು ಪೆಟ್ರೋಲಿಗೆ ಬೆರೆಸುವ ಆಲೋಚನೆ ಹೊಸದೇನಲ್ಲ. ಭಾರತೀಯ ಪವರ್ ಆಲ್ಕೊಹಾಲ್ ಕಾಯ್ದೆ ಬಂದದ್ದು 1948ರಲ್ಲಿ. 2003ರಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ಶೇಕಡಾ 5ರಷ್ಟು ಬೆರೆಸುವ ಕಾರ್ಯಕ್ರಮ ಆರಂಭವಾಯಿತು. 2022ರ ಜೂನ್ ಹೊತ್ತಿಗೆ ದೇಶದಲ್ಲಿ ಶೇಕಡಾ 10 ಮುಟ್ಟಿತು. ಶೇಕಡಾ 20ರ ಪೆಟ್ರೋಲನ್ನು ಪ್ರಧಾನಮಂತ್ರಿಗಳು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. 2030ಕ್ಕೆಂದು ಇಟ್ಟುಕೊಂಡಿದ್ದ ಗುರಿಯನ್ನು ಮುಂದಕ್ಕೆ ಎಳೆದುಕೊಂಡು 2025ರಲ್ಲೇ ಮುಟ್ಟಿದ್ದಾಯಿತು. ಇದರಿಂದ ವಿದೇಶೀ ವಿನಿಮಯ ಉಳಿಯುತ್ತದೆ, ಕಬ್ಬಿನ ಬಾಕಿ ಬೇಗ ಪಾವತಿಯಾಗುತ್ತದೆ ಎಂಬ ವಾದವನ್ನು ನಾನು ತಳ್ಳಿಹಾಕುವವನಲ್ಲ. ಬೆಳಗಾವಿ ಜಿಲ್ಲೆ ಕಬ್ಬಿನ ಜಿಲ್ಲೆ. ನಿಜಲಿಂಗಪ್ಪನವರ ಹೆಸರಿನ ಸಕ್ಕರೆ ಸಂಸ್ಥೆ ಇರುವುದೂ ಇಲ್ಲಿಯೇ. ನಮ್ಮ ಸದಸ್ಯರಲ್ಲೇ ಹಲವರ ಬೀಗರು ಕಬ್ಬು ಬೆಳೆಯುವವರು. ಅವರ ಅನ್ನಕ್ಕೆ ಕಲ್ಲು ಹಾಕಿ ನಮ್ಮ ಪಂಪು ಓಡಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಮದ್ಯಸಾರದ ಗುಣವೇನೆಂಬುದು ಗೊತ್ತಿಲ್ಲದೆ ಹಳೆಯ ಅಭ್ಯಾಸವನ್ನೇ ಮುಂದುವರಿಸಿದರೆ ನಷ್ಟ ನಮಗೆ.

ಆ ಗುಣಗಳಲ್ಲಿ ಮುಖ್ಯವಾದುದು ನೀರಿನೊಡನೆ ಅದರ ಗೆಳೆತನ. ಬರೀ ಪೆಟ್ರೋಲು ಮತ್ತು ನೀರು ಬೆರೆಯುವುದಿಲ್ಲ. ನೀರು ಭಾರವಾದುದರಿಂದ ತಳಕ್ಕೆ ಇಳಿದು ಕೂರುತ್ತದೆ, ಹಳೆಯ ಜೀಪಿನವರು ಅದನ್ನು ತಳದ ಬಿರಡೆ ಬಿಚ್ಚಿ ಹರಿಯಬಿಡುತ್ತಿದ್ದರು. ಮದ್ಯಸಾರ ಸೇರಿದ ಪೆಟ್ರೋಲು ಸ್ವಲ್ಪ ನೀರನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಶೇಕಡಾ 10ರ ಮಿಶ್ರಣವಾದರೆ 100 ಲೀಟರಿಗೆ ಸುಮಾರು ಅರ್ಧ ಲೀಟರು ನೀರು, ಶೇಕಡಾ 20ರದಾದರೆ ಅದಕ್ಕಿಂತ ಹೆಚ್ಚು. ಅಷ್ಟರ ಮಟ್ಟಿಗೆ ಇದು ಒಳ್ಳೆಯದೇ. ಆದರೆ ಆ ಮಿತಿ ಮೀರಿದ ಕೂಡಲೆ, ಅಥವಾ ರಾತ್ರಿಯ ಚಳಿಗೆ ಮಿತಿಯೇ ಕುಗ್ಗಿದಾಗ, ಮಿಶ್ರಣ ಒಡೆಯುತ್ತದೆ. ಒಡೆದ ಹಾಲಿನಂತೆಯೇ ಎನ್ನಿ. ನೀರು ಒಂದೇ ಇಳಿಯದೆ ಮದ್ಯಸಾರವನ್ನೂ ತನ್ನೊಡನೆ ಎಳೆದುಕೊಂಡು ತಳ ಸೇರುತ್ತದೆ. ಟ್ಯಾಂಕಿಯ ನಳಿಕೆ ಇರುವುದು ತಳದಲ್ಲಿ, ಆದುದರಿಂದ ಎಂಜಿನ್ನಿಗೆ ಮೊದಲು ಹೋಗುವುದು ಆ ಕೆಳಗಿನ ಪದರವೇ. ಮೇಲೆ ಉಳಿದ ಪೆಟ್ರೋಲು ಮದ್ಯಸಾರ ಕಳೆದುಕೊಂಡು ಅದರೊಡನೆ ಆಕ್ಟೇನನ್ನೂ ಕಳೆದುಕೊಂಡಿರುತ್ತದೆ. ಕಲಕಿದರೂ ಕುಲುಕಿದರೂ ಅದು ಮತ್ತೆ ಕೂಡುವುದಿಲ್ಲ.

ಎರಡು ಸ್ಟ್ರೋಕಿನ ಎಂಜಿನ್ನುಗಳಲ್ಲಿ ಇದರ ಪರಿಣಾಮ ಇನ್ನೂ ಘೋರ. ಕಳೆಯಂತ್ರಕ್ಕೂ ಗರಗಸಕ್ಕೂ ನಾವು ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕುತ್ತೇವೆ. ಮಿಶ್ರಣ ಒಡೆದಾಗ ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ, ಕೆಳಗಿನ ನೀರು ಬೆರೆತ ಮದ್ಯಸಾರದಲ್ಲಿ ಎಣ್ಣೆ ಇರುವುದಿಲ್ಲ. ಎಂಜಿನ್ನು ಹೇಗೋ ಹತ್ತಿಕೊಂಡರೂ ಕೆಲವೇ ನಿಮಿಷಗಳಲ್ಲಿ ಪಿಸ್ಟನ್ನು ಒಣಗಿ ಹಿಡಿದುಕೊಳ್ಳುತ್ತದೆ. ಇಂತಹ ಯಂತ್ರವನ್ನು ತಂದು ‘ಹೋದ ವರ್ಷ ತಾನೇ ಕೊಂಡದ್ದು’ ಎಂದು ಕಂಪೆನಿಯನ್ನು ಬೈಯುವ ಸದಸ್ಯರನ್ನು ಕಂಡಿದ್ದೇನೆ. ಕಂಪೆನಿಯ ತಪ್ಪು ಇರಲಾರದು ಎನ್ನಲಾರೆ. ಆದರೆ ಮೊದಲು ನೋಡಬೇಕಾದುದು ಕ್ಯಾನು.

ನೀರು ಬರುವುದಾದರೂ ಎಲ್ಲಿಂದ? ಗಾಳಿಯ ತೇವವನ್ನೇ ಎಲ್ಲಕ್ಕೂ ದೂರುವುದು ಈಗ ವಾಡಿಕೆಯಾಗಿದೆ. ತೇವ ನಿಧಾನವಾಗಿ ಸೇರುವುದು ನಿಜವಾದರೂ ಮಿಶ್ರಣ ಒಡೆಯುವಷ್ಟು ನೀರು ಸಾಮಾನ್ಯವಾಗಿ ಬರುವುದು ನೇರವಾಗಿಯೇ. ಹರಿದ ವಾಷರಿನ ಮುಚ್ಚಳ, ಕೊಟ್ಟಿಗೆಯ ಸೋರುವ ಹೆಂಚಿನ ಕೆಳಗೆ ನಿಲ್ಲಿಸಿದ ಸ್ಕೂಟರು, ಅರ್ಧ ತುಂಬಿದ ಡ್ರಮ್ಮಿನ ಒಳಮೈಗೆ ರಾತ್ರಿ ಕೂಡುವ ಬೆವರು, ತೊಳೆದು ಒಣಗಿಸದ ಕ್ಯಾನು. ಒಂದು ಲೀಟರಿನ ಕಳೆಯಂತ್ರದ ಟ್ಯಾಂಕಿಗೆ ಬೇಕಾದುದು ಒಂದೆರಡು ಚಮಚ ನೀರು, ಅಷ್ಟೇ. ಆಮಗಾಂವ್, ಕಣಕುಂಬಿಯ ಕಡೆ ಆಷಾಢದಲ್ಲಿ ಎರಡು ಚಮಚ ನೀರು ಎಲ್ಲಿ ಸಿಗುವುದಿಲ್ಲ!

ಇನ್ನೊಂದು ಗುಣ, ಮದ್ಯಸಾರ ಹಳೆಯ ರಬ್ಬರಿಗೆ ಆಗದು. ಹಿಂದಿನ ವಾಹನಗಳ ಪೈಪು, ಡಯಾಫ್ರಂ, ಬೆಂಡಿನ ಗ್ಯಾಸ್ಕೆಟ್ಟುಗಳು ಅದಕ್ಕಾಗಿ ಮಾಡಿದವಲ್ಲ. ಕೆಲವು ಉಬ್ಬುತ್ತವೆ, ಕೆಲವು ಬಿರುಕು ಬಿಟ್ಟು ಸೋರುತ್ತವೆ. ಅಲ್ಲದೆ ವರ್ಷಗಳಿಂದ ಟ್ಯಾಂಕಿಯ ತಳದಲ್ಲಿ ಮಲಗಿದ್ದ ತುಕ್ಕು, ಕಿಟ್ಟಗಳನ್ನು ಮದ್ಯಸಾರ ಎಬ್ಬಿಸಿ ಫಿಲ್ಟರಿಗೆ ತಳ್ಳುತ್ತದೆ. ಜೀಪಿನಲ್ಲಿ ಡ್ರೈವರನ ಸೀಟಿನಡಿಯೇ ಟ್ಯಾಂಕಿ ಇರುವುದರಿಂದ ಸೋರಿಕೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ, ಅದರಲ್ಲೂ ನಮ್ಮ ಹಿರಿಯ ಸದಸ್ಯರು ಬೀಡಿ ಬಿಡುವ ಲಕ್ಷಣ ಕಾಣದಿರುವಾಗ.

ಈ ಬಗ್ಗೆ ಸರ್ಕಾರ ಏನೂ ಹೇಳಿಲ್ಲವೆಂದಲ್ಲ. ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲೇ, ಮದ್ಯಸಾರವಿಲ್ಲದ ಪೆಟ್ರೋಲಿಗಾಗಿ ವಿನ್ಯಾಸಗೊಂಡು ಶೇಕಡಾ 10ಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇಕಡಾ 6ರಿಂದ 7ರಷ್ಟು, ದ್ವಿಚಕ್ರ ವಾಹನಗಳಲ್ಲಿ 3ರಿಂದ 4ರಷ್ಟು ಮೈಲೇಜು ಇಳಿಯಬಹುದೆಂದು ಒಪ್ಪಲಾಗಿತ್ತು. ಮದ್ಯಸಾರದಲ್ಲಿ ಲೀಟರಿಗೆ ಇರುವ ಶಕ್ತಿ ಪೆಟ್ರೋಲಿನ ಮೂರನೇ ಎರಡು ಪಾಲಿನಷ್ಟಾದುದರಿಂದ ಇದು ಸಹಜವೇ. 2025ರ ಆಗಸ್ಟಿನಲ್ಲಿ ಪೆಟ್ರೋಲಿಯಂ ಸಚಿವಾಲಯ ಕೊಟ್ಟ ಸ್ಪಷ್ಟನೆಯಲ್ಲಿ, ಕೆಲವು ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿಲೋಮೀಟರು ಓಡಿದ ಮೇಲೆ ಕೆಲವು ರಬ್ಬರು ಭಾಗಗಳನ್ನು ಬದಲಿಸಬೇಕಾಗಬಹುದು, ಅದಕ್ಕೆ ಹೆಚ್ಚು ಖರ್ಚಿಲ್ಲ ಎಂದಿತ್ತು.

ನನ್ನ ತಕರಾರು ಇರುವುದು ಈ ಲೆಕ್ಕದ ಬಗೆಗೆ. ದಿಲ್ಲಿಯಲ್ಲಿ ವಾಹನವನ್ನು ಅಳೆಯುವುದು ಅದು ಓಡಿದ ಕಿಲೋಮೀಟರಿನಿಂದ. ತೋಟದ ವಾಹನವನ್ನು ಅಳೆಯಬೇಕಾದುದು ಅದು ನಿಂತ ದಿನಗಳಿಂದ. ನಮ್ಮ ಜೀಪು ವರ್ಷಕ್ಕೆ ಎರಡು ಸಾವಿರ ಕಿಲೋಮೀಟರು ಓಡಿದರೆ ಹೆಚ್ಚು. 20,000 ಮುಟ್ಟಲು ಹತ್ತು ವರ್ಷ ಬೇಕು, ರಬ್ಬರು ಅಲ್ಲಿಯವರೆಗೆ ಕಾಯುವುದಿಲ್ಲ. ಗರಗಸಕ್ಕಂತೂ ಕಿಲೋಮೀಟರೇ ಇಲ್ಲ. ದಿನವೂ ಓಡುವ ಪಟ್ಟಣದ ಕಾರಿನಲ್ಲಿ ಪೆಟ್ರೋಲು ಹಳಸುವುದಕ್ಕೆ ಪುರಸೊತ್ತೇ ಇರದು. ಹಳಸುವುದು ವರ್ಷದಲ್ಲಿ ಇಪ್ಪತ್ತು ದಿನ ದುಡಿದು ಉಳಿದ ಕಾಲ ಮೂಲೆಯಲ್ಲಿ ಕೂರುವ ರೈತನ ಯಂತ್ರದಲ್ಲಿ. ಧೋರಣೆ ರೂಪಿಸುವವರ ಕಣ್ಣಿಗೆ ಈ ನಿಂತ ಯಂತ್ರ ಬಿದ್ದೇ ಇಲ್ಲವೆಂದು ತೋರುತ್ತದೆ.

ಹಾಗೆಂದು ಭಯಪಡಿಸುವುದೂ ತರವಲ್ಲ. 2000ದ ಫೆಬ್ರವರಿಯಿಂದ ಸೀಸವಿಲ್ಲದ ಪೆಟ್ರೋಲು ಮಾತ್ರವೆಂದು ಆದಾಗಲೂ ಹಳೆಯ ಎಂಜಿನ್ನುಗಳ ವಾಲ್ವು ಸುಟ್ಟೇಹೋಗುತ್ತದೆ ಎಂದು ಹುಯಿಲೆದ್ದಿತ್ತು. ಅಂದಿನ ಜೀಪುಗಳಲ್ಲಿ ಹಲವು ಇಂದಿಗೂ ಸಂತೆಗೆ ಹೋಗಿಬರುತ್ತಿವೆ.

ಇನ್ನು ಬಂಕುಗಳ ವಿಚಾರ. ಎಂಜಿನ್ನು ನಿಂತರೆ ನಮ್ಮವರ ಬಾಯಿಗೆ ಮೊದಲು ಬರುವುದು ‘ಬಂಕಿನವ ನೀರು ಹಾಕಿದ’ ಎಂಬ ಮಾತು. ಬಂಕಿನ ನೆಲದಡಿಯ ಟ್ಯಾಂಕಿಗೆ ಮಳೆನೀರು ಇಳಿಯುವುದುಂಟು, ಅದನ್ನು ಅಲ್ಲಗಳೆಯಲಾಗದು. 2025ರ ಜೂನಿನಲ್ಲಿ ಮಧ್ಯಪ್ರದೇಶದ ರತ್ಲಾಮ್ ಬಳಿ ಅಲ್ಲಿಯ ಮುಖ್ಯಮಂತ್ರಿಗಳ ಬೆಂಗಾವಲಿನ 19 ವಾಹನಗಳು ನೀರು ಬೆರೆತ ಡೀಸೆಲ್ ಕುಡಿದು ಒಟ್ಟಿಗೆ ನಿಂತುಬಿಟ್ಟವು. ಆ ಬಂಕಿಗೆ ಕೂಡಲೆ ಬೀಗ ಬಿತ್ತು. ನಮ್ಮ ನಿಮ್ಮ ಸ್ಕೂಟರು ನಿಂತರೆ ಅಷ್ಟು ಬೇಗ ಬೀಗ ಬೀಳುವುದಿಲ್ಲ, ಆದರೂ ಹಕ್ಕು ನಮಗೂ ಇದೆ. ಶೋಧಕ ಕಾಗದ ಕೊಡಿರೆಂದು ಯಾವ ಬಂಕಿನಲ್ಲಾದರೂ ಕೇಳಬಹುದು. ಅದರ ಮೇಲೆ ಒಂದು ಹನಿ ಪೆಟ್ರೋಲು ಬಿಟ್ಟರೆ ಕಲೆ ಉಳಿಯದೆ ಆರಬೇಕು. ಕಲೆ ಉಳಿದರೆ ಸಂದೇಹಕ್ಕೆ ಎಡೆ ಇದೆ. ಅಳತೆಯ ಬಗ್ಗೆ ಅನುಮಾನವಿದ್ದರೆ 5 ಲೀಟರಿನ ಮುದ್ರೆಯ ಮಾಪಕದಲ್ಲಿ ಅಳೆದು ತೋರಿಸೆಂದು ಕೇಳುವ ಹಕ್ಕೂ ಉಂಟು. ಆದರೆ ಶೋಧಕ ಕಾಗದ ಸೀಮೆಎಣ್ಣೆಯಂತಹ ಭಾರದ ಕಲಬೆರಕೆಯನ್ನು ಹಿಡಿಯುತ್ತದೆಯೇ ಹೊರತು ಮದ್ಯಸಾರದಲ್ಲಿ ಕರಗಿ ಕುಳಿತ ನೀರನ್ನು ಹಿಡಿಯುವುದಿಲ್ಲ. ಹೀಗಾಗಿ ಬಿಲ್ಲು ತೆಗೆದುಕೊಳ್ಳುವ ಅಭ್ಯಾಸ ಬೇಕು. ಬಿಲ್ಲಿಲ್ಲದ ದೂರನ್ನು ಯಾರೂ ಕೇಳರು.

ಕಲಬೆರಕೆಯ ಮಾತು ಬಂದಾಗ ಒಬ್ಬ ಕನ್ನಡಿಗ ತರುಣನನ್ನು ನೆನೆಯದೆ ಮುಂದೆ ಹೋಗಲಾರೆ. ಕೋಲಾರದ ಚಿನ್ನದ ಗಣಿಯ ಊರಿನ ಎಸ್. ಮಂಜುನಾಥ್ ಮೈಸೂರಿನ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಲಖನೌದ ಐಐಎಂನಲ್ಲಿ ಪದವಿ ಪಡೆದು, ಇಂಡಿಯನ್ ಆಯಿಲ್ ಸೇರಿ ಉತ್ತರಪ್ರದೇಶದ ಲಖೀಂಪುರ ಖೇರಿಗೆ ಹೋದರು. ಕಲಬೆರಕೆ ಇಂಧನ ಮಾರುತ್ತಿದ್ದ ಬಂಕೊಂದನ್ನು ಮುಚ್ಚಿಸಿ, ಅದು ಮತ್ತೆ ತೆರೆದಾಗ ಮತ್ತೆ ತಪಾಸಣೆಗೆ ಹೋದ ಆ ಅಧಿಕಾರಿಯನ್ನು 2005ರ ನವೆಂಬರ್ 19ರಂದು ಗುಂಡಿಕ್ಕಿ ಕೊಂದರು. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. ಸೀಮೆಎಣ್ಣೆ ಬೆರೆಸಿದ ಇಂಧನ ಅಗ್ಗಕ್ಕೆ ಸಿಗುತ್ತದೆಂದು ಹಿಂಬಾಗಿಲಿನಿಂದ ಕೊಳ್ಳುತ್ತಿದ್ದ ಕಾಲ ನಮ್ಮ ಕಡೆಯೂ ಇತ್ತು. ಅದನ್ನು ಕೊಂಡವರಲ್ಲಿ ಮರ್ಯಾದಸ್ಥರೂ ಇದ್ದರು ಎಂದಷ್ಟೇ ಹೇಳಿ ಬಿಡುತ್ತೇನೆ.

ಆದರೆ ಆಟೋ ನಗರದ ಕೆಲಸಗಾರರೊಡನೆ ಕುಳಿತು ಮಾತಾಡಿದಾಗ ನನಗಾದ ಮನವರಿಕೆ ಏನೆಂದರೆ, ನಮ್ಮ ಯಂತ್ರಗಳನ್ನು ಕೆಡಿಸುತ್ತಿರುವುದು ಬಂಕಿಗಿಂತ ಹೆಚ್ಚಾಗಿ ನಮ್ಮದೇ ಡ್ರಮ್ಮು. ಪೇಟೆ ದೂರ, ಮಳೆಗೆ ಸೇತುವೆ ಮುಳುಗುತ್ತದೆ, ಆದುದರಿಂದ ಮೇ ತಿಂಗಳಲ್ಲೇ ತುಂಬಿಸಿಟ್ಟುಕೊಳ್ಳುವುದು ತೋಟಗಳ ಹಳೆಯ ಪದ್ಧತಿ. ದೊಡ್ಡ ಡ್ರಮ್ಮಿನಲ್ಲಿ ಪೆಟ್ರೋಲು ಇಡುವುದು ಕಾನೂನಿಗೂ ಒಪ್ಪದು. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಸ್ವಂತಕ್ಕೆ ಇಟ್ಟುಕೊಳ್ಳಬಹುದಾದುದು ಒಟ್ಟು 30 ಲೀಟರು, ಅದೂ ಭದ್ರ ಮುಚ್ಚಳದ, 25 ಲೀಟರು ಮೀರದ ಲೋಹದ ಪಾತ್ರೆಗಳಲ್ಲಿ. ಕಾನೂನು ಹಾಗಿರಲಿ. ಆ ಡ್ರಮ್ಮನ್ನು ಕಾಫಿ ಮೂಟೆಯಿಟ್ಟ ಗೋದಾಮಿನ ಮೂಲೆಯಲ್ಲಿ ನಿಲ್ಲಿಸುವವರಿಗೆ ಏನು ಹೇಳೋಣ? ಕಾಫಿ ಬೀಜ ಹತ್ತಿರದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ ಎಂಬುದು ಬೆಳೆಗಾರನ ಮನೆಯ ಮಗುವಿಗೂ ಗೊತ್ತು. ಬಟ್ಟಲಲ್ಲಿ ಪೆಟ್ರೋಲಿನ ನಾತ ಬಂದ ಲಾಟಿಗೆ ಬೆಲೆ ಕೊಡುವ ವ್ಯಾಪಾರಿ ಇನ್ನೂ ಹುಟ್ಟಿಲ್ಲ.

ಅನುಮಾನ ಬಂದ ಪೆಟ್ರೋಲನ್ನು ಪರೀಕ್ಷಿಸುವುದು ಸುಲಭ. ಟ್ಯಾಂಕಿಯ ತಳದಿಂದ ಒಂದಿಷ್ಟನ್ನು ಬಿಳಿ ಗಾಜಿನ ಬಾಟಲಿಗೆ ಇಳಿಸಿ, ಬೆಂಕಿಯಿಂದ ದೂರ, ಒಂದು ಗಂಟೆ ಅಲುಗಾಡಿಸದೆ ಇಡಬೇಕು. ತಳದಲ್ಲಿ ಬೇರೆ ಪದರ ಗೆರೆ ಕೊರೆದಂತೆ ಕಂಡರೆ, ಅಥವಾ ಮಜ್ಜಿಗೆ ನೀರಿನಂತೆ ಮಬ್ಬಾಗಿದ್ದರೆ, ಆ ಟ್ಯಾಂಕಿಯದಷ್ಟನ್ನೂ ಹೊರತೆಗೆಯಬೇಕು. ಕೆಳಗಿನದನ್ನು ಚೆಲ್ಲಿ ಮೇಲಿನದನ್ನು ಉಳಿಸಿಕೊಳ್ಳುವ ಜಾಣತನ ಬೇಡ. ಪದರವಿಲ್ಲದೆ ಬಣ್ಣ ಮಾತ್ರ ಸ್ವಲ್ಪ ಮಾಸಿದ್ದರೆ, ದಿನವೂ ಓಡುವ ವಾಹನಕ್ಕೆ ಒಂದು ಪಾಲಿಗೆ ಎಂಟು ಹತ್ತು ಪಾಲು ಹೊಸದನ್ನು ಬೆರೆಸಿ ಮುಗಿಸಬಹುದು, ಎರಡು ಸ್ಟ್ರೋಕಿನ ಯಂತ್ರಗಳಿಗಂತೂ ಅದೂ ಬೇಡ. ಪೈಪಿಗೆ ಬಾಯಿಟ್ಟು ಎಳೆಯುವ ಅಭ್ಯಾಸವನ್ನು ಇಂದೇ ಬಿಡಬೇಕು. ಪೆಟ್ರೋಲು ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ಜೀವಕ್ಕೆ ಅಪಾಯ. ಅಕಸ್ಮಾತ್ ನುಂಗಿದವನಿಗೆ ವಾಂತಿ ಮಾಡಿಸದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ಕೈಪಂಪು ನೂರಿನ್ನೂರು ರೂಪಾಯಿಯ ವಸ್ತು.

ಹೊರತೆಗೆದುದನ್ನು ಏನು ಮಾಡುವುದು ಎಂಬುದು ನಿಜವಾಗಿ ಕಷ್ಟದ ಪ್ರಶ್ನೆ. ಗೆದ್ದಲಿನ ಹುತ್ತಕ್ಕೆ ಸುರಿಯುತ್ತಾರೆ, ಒಣಗಿದ ಸೋಗೆಯ ರಾಶಿಗೆ ಎರಚಿ ಕಡ್ಡಿ ಗೀರಿ ಹುಬ್ಬು ಸುಟ್ಟುಕೊಳ್ಳುತ್ತಾರೆ, ಇಲ್ಲವೆ ಹಳ್ಳಕ್ಕೆ ಚೆಲ್ಲುತ್ತಾರೆ. ನಮ್ಮ ಹಳ್ಳಗಳು ಮಲಪ್ರಭೆಯದೋ ಮಹದಾಯಿಯದೋ ಮೊದಲ ನೀರು. ಅದನ್ನು ಕೆಳಗಿನವರು ಕುಡಿಯುತ್ತಾರೆ. ಸದ್ಯಕ್ಕೆ ಲೋಹದ ಡಬ್ಬಿಯಲ್ಲಿ ‘ಕೆಟ್ಟ ಪೆಟ್ರೋಲು’ ಎಂದು ಬರೆದಿಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪಡೆದು ಇಂತಹ ತ್ಯಾಜ್ಯವನ್ನು ಕೊಳ್ಳುವವರಿಗೆ ಒಪ್ಪಿಸುವುದೇ ದಾರಿ. ಒಬ್ಬೊಬ್ಬರ ಎರಡು ಲೀಟರಿಗೆ ಅಂತಹವರು ಬರಲಾರರು, ಸಂಘ ಕೂಡಿಸಿ ಕರೆದರೆ ಬಂದಾರು.

ಇದಕ್ಕಿಂತ ಹಳಸದಂತೆ ನೋಡಿಕೊಳ್ಳುವುದು ಅಗ್ಗ. ಕೆಲಸ ಮುಗಿದ ದಿನವೇ ಕಳೆಯಂತ್ರ, ಪಂಪು, ಗರಗಸಗಳ ಟ್ಯಾಂಕಿ ಬರಿದು ಮಾಡಿ, ಎಂಜಿನ್ನನ್ನು ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬೊರೇಟರನ್ನೂ ಒಣಗಿಸಿ ಇಟ್ಟರೆ ಮುಂದಿನ ವರ್ಷ ಎರಡನೇ ಎಳೆತಕ್ಕೆ ಹತ್ತಿಕೊಳ್ಳುತ್ತದೆ. ಎಣ್ಣೆ ಬೆರೆಸಿದ ಪೆಟ್ರೋಲನ್ನು ಆ ವಾರಕ್ಕೆ ಬೇಕಾದಷ್ಟೇ ಬೆರೆಸಿಕೊಳ್ಳಬೇಕು. ಜೀಪಿಗೆ ಮಳೆಗಾಲದಲ್ಲಿ ಹೊಸ ಪೆಟ್ರೋಲು ಕಂಠಪೂರ್ತಿ ತುಂಬಿಸಿ, ಮುಚ್ಚಳಕ್ಕೆ ಹೊಸ ವಾಷರು ಹಾಕಿ, ಹದಿನೈದು ದಿನಕ್ಕೊಮ್ಮೆ ಖಾನಾಪುರದವರೆಗಾದರೂ ಓಡಿಸಿ ತರಬೇಕು. ಮೂರು ತಿಂಗಳು ನಿಲ್ಲುವುದೇ ಖಚಿತವಾದರೆ ಖಾಲಿ ಮಾಡುವುದು ಲೇಸು. ಪೈಪು, ಡಯಾಫ್ರಂಗಳನ್ನು ಮದ್ಯಸಾರ ತಾಳುವ ಬಗೆಯದಕ್ಕೆ ಒಮ್ಮೆ ಬದಲಿಸಿಬಿಡಬೇಕು. ಅಂಗಡಿಗಳಲ್ಲಿ ಮಾರುವ ಬಾಟಲಿ ಔಷಧಿಗಳು ಹೊಸ ಪೆಟ್ರೋಲು ಹಳಸುವುದನ್ನು ತಡಮಾಡಬಲ್ಲವು, ಹಳಸಿದ್ದನ್ನು ಬದುಕಿಸಲಾರವು. ಇನ್ನು ಕೆಲವರು ಪೆಟ್ರೋಲಿಗೆ ನೀರು ಕಲಸಿ ಮದ್ಯಸಾರವನ್ನು ಬೇರ್ಪಡಿಸುವ ಮನೆವೈದ್ಯ ಕಲಿತಿದ್ದಾರೆ. ಅದರಲ್ಲಿ ಉಳಿಯುವುದು ಆಕ್ಟೇನ್ ಕಳೆದುಕೊಂಡ ಪೆಟ್ರೋಲು, ಜೊತೆಗೆ ಮನೆಯೊಳಗೆ ತೆರೆದ ಬಕೆಟ್ಟಿನಲ್ಲಿ ಬೆಂಕಿಯ ಭಯ.

ನಮ್ಮ ಕರ್ತವ್ಯ ಇಷ್ಟಾದರೆ ಸರ್ಕಾರದ್ದೂ ಒಂದಿದೆ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಲ್ಲಿ ಶೇಕಡಾ 10ರ ಪೆಟ್ರೋಲು ತಂದಾಗ, ಹಳೆಯ ವಾಹನಗಳಿಗೆಂದೇ ಶೇಕಡಾ 5ರ ಮಿತಿಯದನ್ನು ದುಬಾರಿ ದರ್ಜೆಯಲ್ಲಿ ಉಳಿಸಿಕೊಂಡರು. ಅಮೆರಿಕದಲ್ಲಿ ದೋಣಿಗಳಿಗೆ, ಹುಲ್ಲು ಕತ್ತರಿಸುವ ಯಂತ್ರಗಳಿಗೆಂದು ಮದ್ಯಸಾರವಿಲ್ಲದ ಪೆಟ್ರೋಲು ಮಾರುವ ಬಂಕುಗಳು ಇಂದಿಗೂ ಇವೆ. ಬ್ರೆಜಿಲ್ ನಮಗಿಂತ ಮುಂದೆ ಹೋಗಿ 2025ರ ಆಗಸ್ಟಿನಿಂದ ಶೇಕಡಾ 30 ಮಾಡಿದೆ, ಆದರೆ 1975ರಿಂದ ಈ ದಾರಿ ಹಿಡಿದ ಆ ದೇಶ ಎರಡನ್ನೂ ತಾಳುವ ಎಂಜಿನ್ನುಗಳನ್ನು 2003ರಿಂದಲೇ ರಸ್ತೆಗಿಳಿಸಿತು. ನಮ್ಮಲ್ಲಿ ಗುರಿ ಮೊದಲು ಬಂತು, ಆಯ್ಕೆ ಬರಲಿಲ್ಲ. ಮದ್ಯಸಾರವಿಲ್ಲದ ಪೆಟ್ರೋಲಿನ ಆಯ್ಕೆ ಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ನ್ಯಾಯಾಲಯದ ಬಾಗಿಲು ಮುಚ್ಚಿದರೂ ಶಾಸಕರ, ಸಂಸದರ ಮನೆಯ ಬಾಗಿಲಿದೆ. ತಾಲ್ಲೂಕಿಗೆ ಒಂದು ಬಂಕಿನಲ್ಲಿ, ಒಂದು ನಳಿಕೆಯಲ್ಲಿ, ಹಳೆಯ ವಾಹನಕ್ಕೂ ಕೃಷಿ ಯಂತ್ರಕ್ಕೂ ಒಗ್ಗುವ ಪೆಟ್ರೋಲು ದೊರೆಯಲಿ, ಬೆಲೆ ನಾಲ್ಕು ರೂಪಾಯಿ ಹೆಚ್ಚಿರಲಿ ಎಂದು ಕೇಳುವುದರಿಂದ ಕಬ್ಬಿನವರಿಗೆ ಎಳ್ಳಷ್ಟೂ ನಷ್ಟವಿಲ್ಲ. ನಾವು ಬಳಸುವುದು ಅಷ್ಟು ಅಲ್ಪ. ಹೊಸ ವಾಹನ ಕೊಳ್ಳಿ ಎಂಬ ಉಪದೇಶ ಸುಲಭ. ಅಡಿಕೆಗೆ ಬೆಲೆ ಬಂದ ವರ್ಷ ಕೊಂಡ ಜೀಪನ್ನು ಬೆಲೆ ಬಿದ್ದ ಹತ್ತು ವರ್ಷ ಓಡಿಸುವವನಿಗೆ ಆ ಉಪದೇಶ ಹಿಡಿಸದು.

ಸಂಘದ ಮಟ್ಟಿಗೆ ಎರಡು ಸಲಹೆಗಳನ್ನು ಆಡಳಿತ ಮಂಡಳಿಯ ಮುಂದೆ ಇಡುತ್ತಿದ್ದೇನೆ. ಬಾಡಿಗೆಗೆ ಕೊಡುವ ಯಂತ್ರಗಳನ್ನು ಖಾಲಿ ಟ್ಯಾಂಕಿಯೊಡನೆಯೇ ಹಿಂದಿರುಗಿಸಬೇಕೆಂಬ ನಿಯಮ ಒಂದು. ಈಗ ಒಬ್ಬರು ಬಿಟ್ಟ ಅರ್ಧ ಲೀಟರಿನ ಫಲವನ್ನು ಮುಂದಿನವರು ಉಣ್ಣುತ್ತಿದ್ದಾರೆ, ಜಗಳ ನನ್ನ ಮೇಜಿಗೆ ಬರುತ್ತದೆ. ಎರಡನೆಯದು, ಮೊದಲ ಸಿಂಪಡಣೆಗೆ ಮುನ್ನ, ಏಪ್ರಿಲ್ ಕೊನೆಯ ಹೊತ್ತಿಗೆ, ಆಟೋ ನಗರದಿಂದ ಒಬ್ಬಿಬ್ಬರು ಅನುಭವಸ್ಥ ಕೆಲಸಗಾರರನ್ನು ಖಾನಾಪುರಕ್ಕೆ ಕರೆಸಿ ಎರಡು ದಿನ ಯಂತ್ರಗಳ ತಪಾಸಣೆ ನಡೆಸುವುದು, ಪೈಪು, ವಾಷರು, ಡಯಾಫ್ರಂಗಳನ್ನು ಸಗಟು ದರದಲ್ಲಿ ತರಿಸಿಡುವುದು. ಇದಕ್ಕಾಗಿ ಸದಸ್ಯರು ತಮ್ಮಲ್ಲಿರುವ ಪೆಟ್ರೋಲು ಯಂತ್ರ ಮತ್ತು ವಾಹನಗಳ ಹೆಸರು, ಮಾಡಿದ ವರ್ಷ, ಕಳೆದ ಮಳೆಗಾಲದಲ್ಲಿ ಎಷ್ಟು ದಿನ ಕೆಟ್ಟು ನಿಂತಿತು ಎಂಬ ವಿವರವನ್ನು ಒಂದು ಪೋಸ್ಟ್ ಕಾರ್ಡಿನಲ್ಲಾದರೂ ಬರೆದು ಕಚೇರಿಗೆ ಕಳುಹಿಸಬೇಕಾಗಿ ವಿನಂತಿ. ಸಂಸದರಿಗೆ ಕೊಡುವ ಮನವಿಗೂ ಇದೇ ಪಟ್ಟಿ ಲಗತ್ತಾಗುವುದರಿಂದ ಕೆಟ್ಟು ನಿಂತ ದಿನಗಳನ್ನು ದಯವಿಟ್ಟು ಉತ್ಪ್ರೇಕ್ಷೆಯಿಲ್ಲದೆ ಬರೆಯಿರಿ.